ಬೇರೆಯವರ 'ನಾನು'

ನಾಲ್ಕು ವರ್ಷ ನಾನು 'ನಾನು' ಅಂತ ಬರೆದುಕೊಂಡೇ ಹೊಟ್ಟೆ ಹೊರೆದಿದ್ದೇನೆ. ಆ 'ನಾನು' ಮಾತ್ರ ನಾನಲ್ಲ.

ಅದು ಒಂದು ಬೀಜದ ಕಂಪನಿಯ ಎಂ.ಡಿ. ಸಾಹೇಬರು. ಕಂಪನಿಯ ಹೆಸರು ಇಲ್ಲಿ ಬೇಡ, ಅವರ ಹೆಸರೂ ಬೇಡ. ಅವರಿದ್ದದ್ದು ಬೆಂಗಳೂರಿನಲ್ಲಿ. ನಾನಿದ್ದದ್ದು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ, ನೇಕಾರರ ಓಣಿಯ ಮಹಡಿ ಮೇಲಿನ ಒಂದು ಕೋಣೆಯಲ್ಲಿ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಊರಿಗೆ ಬಂದವನು ತಿರುಗಿ ಹೋಗಲೇ ಇಲ್ಲ. ಕೆಳಗೆ ಮಗ್ಗದ ಸದ್ದು, ಮೇಲೆ ನನ್ನ ಕೀಬೋರ್ಡಿನ ಸದ್ದು. ಎರಡೂ ಕೂಲಿ ನೇಯ್ಗೆಯೇ ಅಂತ ಎಷ್ಟೋ ಸಲ ಅನ್ನಿಸಿದೆ. ಸೀರೆಯ ಮೇಲೆ ನೇಕಾರನ ಹೆಸರು ಇರುವುದಿಲ್ಲ. ಬ್ಲಾಗಿನ ಮೇಲೆ ನನ್ನದು ಇರುತ್ತಿರಲಿಲ್ಲ.

ಕೆಲಸ ಹೀಗಿತ್ತು. ತಿಂಗಳಿಗೆ ಎರಡು ಸಲ ಸಾಹೇಬರು ಕಾರಿನಲ್ಲಿ ಕೂತು ಫೋನ್ ಮಾಡುತ್ತಿದ್ದರು. ಹತ್ತು ನಿಮಿಷ ಮನಸ್ಸಿಗೆ ಬಂದದ್ದು ಮಾತಾಡುತ್ತಿದ್ದರು. ನಡುನಡುವೆ ಡ್ರೈವರಿಗೆ 'ಎಡಕ್ಕೆ ತಗೋ' ಅನ್ನುತ್ತಿದ್ದರು. ಅದನ್ನು ನಾನು ಆರುನೂರು ಪದದ ಇಂಗ್ಲಿಷ್ ಬ್ಲಾಗ್ ಮಾಡಬೇಕು. ಮಾಡಿ ಕಳಿಸಿದ್ದು ಮೊದಲು ಮಾರ್ಕೆಟಿಂಗ್‌ನವರ ಹತ್ತಿರ ಹೋಗುತ್ತಿತ್ತು. ಅಲ್ಲಿಂದ ವಕೀಲರ ಹತ್ತಿರ, ಕೊನೆಗೆ ಸೆಕ್ರೆಟರಿ ಹತ್ತಿರ. ಒಬ್ಬೊಬ್ಬರೂ ಒಂದೊಂದು ಸಾಲು ತೆಗೆಯುತ್ತಿದ್ದರು. ಸೇರಿಸುತ್ತಿದ್ದದ್ದು ಒಂದೇ, 'ಹೆಮ್ಮೆಯಾಗುತ್ತಿದೆ'.

ಸಾಹೇಬರು ಕೆಟ್ಟವರೇನಲ್ಲ. ಫೋನಿನಲ್ಲಿ ಬಹಳ ಚೆನ್ನಾಗಿ ಮಾತಾಡುತ್ತಿದ್ದರು. ಒಂದು ದಿನ ಹೇಳಿದರು: 'ಅಪ್ಪ ಹೋದ ಮೇಲೆ ಮೊದಲ ಎರಡು ವರ್ಷ ನನಗೆ ಈ ವ್ಯಾಪಾರ ಏನಂತಲೇ ತಿಳೀಲಿಲ್ಲ ಕಣಪ್ಪ. ಸುಮ್ನೆ ಕುರ್ಚಿ ಮೇಲೆ ಕೂತಿದ್ದೆ. ಅರ್ಧ ಕೆಡಿಸಿದ ಮೇಲೆ ಬುದ್ಧಿ ಬಂತು.'

ನಾನು ಇದನ್ನು ಹಾಗೇ ಇಳಿಸಿದೆ. ನಾಲ್ಕು ದಿನ ಬಿಟ್ಟು ಬರಹ ತಿದ್ದಿಕೊಂಡು ವಾಪಸ್ ಬಂತು. ಆ ಮೂರು ವಾಕ್ಯದ ಜಾಗದಲ್ಲಿ ಒಂದು ವಾಕ್ಯ ಕೂತಿತ್ತು. ಅದರ ಅರ್ಥ ಇಷ್ಟು: ಆರಂಭದ ವರ್ಷಗಳು ಅಮೂಲ್ಯ ಕಲಿಕೆಯ ಕಾಲವಾಗಿದ್ದವು.

ಓದಿದ ಯಾರಿಗಾದರೂ ಏನಾದರೂ ತಿಳಿಯಿತಾ? ಇಲ್ಲ. ವಕೀಲರಿಗೆ ಬೇಕಾಗಿದ್ದದ್ದೂ ಅದೇ.

ದೊಡ್ಡ ಕಂಪನಿಗಳ ಯಜಮಾನರು ಹೀಗೆ ಬರೆಯುವ ರೂಢಿ ಎಲ್ಲಿಂದ ಶುರುವಾಯಿತು ಅಂತ ಆ ದಿನಗಳಲ್ಲಿ ಹುಡುಕಿ ಓದಿದ್ದೆ. ಶುರುವಾದಾಗ ಅದು ಹೀಗಿರಲಿಲ್ಲ. ಅಮೆರಿಕದ ಕಂಪ್ಯೂಟರ್ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್‌ನ ಜೊನಾಥನ್ ಶ್ವಾರ್ಟ್ಜ್ 2004ರಲ್ಲಿ ಬರೆಯಲು ಹಿಡಿದರು. 2006ರಲ್ಲಿ ಸಿಇಒ ಆದರು, ಆದರೂ ಬರೆಯುವುದು ಬಿಡಲಿಲ್ಲ. 2005ರ ಜನವರಿಯಲ್ಲಿ ಜನರಲ್ ಮೋಟರ್ಸ್‌ನ ಬಾಬ್ ಲಟ್ಜ್ ಶುರು ಮಾಡಿದರು. ಪತ್ರಿಕೆಯವರು ನಮ್ಮ ಕಾರಿನ ಬಗ್ಗೆ ಏನು ಬೇಕಾದರೂ ಬರೆಯಲಿ, ನಾನೇ ನೇರವಾಗಿ ಹೇಳುತ್ತೇನೆ ಅನ್ನುವ ಹುಮ್ಮಸ್ಸು. ಹೋಟೆಲ್ ವ್ಯಾಪಾರದ ಬಿಲ್ ಮ್ಯಾರಿಯಟ್ 2007ರಲ್ಲಿ ಬ್ಲಾಗ್ ತೆರೆದಾಗ ಅವರಿಗೆ 74 ವರ್ಷ. ಕಂಪ್ಯೂಟರ್ ಮುಟ್ಟುವ ಅಭ್ಯಾಸವಿರಲಿಲ್ಲ. ಬಾಯಿಂದ ಹೇಳುತ್ತಿದ್ದರು, ಬೇರೆಯವರು ಟೈಪ್ ಮಾಡುತ್ತಿದ್ದರು. ಇದನ್ನು ಅವರು ಮುಚ್ಚಿಡಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಇಸ್ಲಾಮಾಬಾದಿನ ಅವರ ಹೋಟೆಲ್ ಮೇಲೆ ಬಾಂಬ್ ದಾಳಿ ಆದಾಗಲೂ ಅದೇ ಜಾಗದಲ್ಲಿ ಮಾತಾಡಿದರು. ಟೈಪ್ ಮಾಡಿದವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಅವರ ಕೈಗೆ ಬಂದದ್ದು ಸಾಹೇಬರ ಮಾತೇ.

ಶ್ವಾರ್ಟ್ಜ್ ಕತೆ ಇನ್ನೂ ಸ್ವಾರಸ್ಯದ್ದು. 2000ನೇ ಇಸವಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಒಂದು ನಿಯಮ ತಂದಿದ್ದರು. ಕಂಪನಿಯ ಒಳಸುದ್ದಿಯನ್ನು ದೊಡ್ಡ ಹಣವಂತರ ಕಿವಿಗೆ ಮೊದಲು ಊದುವಂತಿಲ್ಲ, ಹೇಳುವುದಾದರೆ ಎಲ್ಲರಿಗೂ ಒಟ್ಟಿಗೆ ಹೇಳಬೇಕು. ನಮ್ಮ ಕಡೆ ಡಂಗುರ ಸಾರಿಸುತ್ತಿದ್ದರಲ್ಲ, ಅದೇ ಲೆಕ್ಕ. ಆದರೆ 'ಎಲ್ಲರಿಗೂ ಒಟ್ಟಿಗೆ' ಅಂದರೆ ಸುದ್ದಿಸಂಸ್ಥೆಗೆ ಕಾಸು ಕೊಟ್ಟು ಪ್ರಕಟಣೆ ಕಳಿಸುವುದು ಅಂತಲೇ ರೂಢಿಯಾಗಿತ್ತು. 2006ರಲ್ಲಿ ಶ್ವಾರ್ಟ್ಜ್ ನಿಯಂತ್ರಕ ಮಂಡಳಿಯ ಅಧ್ಯಕ್ಷ ಕ್ರಿಸ್ಟೋಫರ್ ಕಾಕ್ಸ್ ಅವರಿಗೆ ಪತ್ರ ಬರೆದು ಕೇಳಿದರು: ನನ್ನ ಬ್ಲಾಗನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು, ಅದು ಡಂಗುರ ಯಾಕಲ್ಲ? ಕಾಕ್ಸ್ ಉತ್ತರ ಕೊಟ್ಟದ್ದು ಎಲ್ಲಿ ಗೊತ್ತಾ? ಅದೇ ಬ್ಲಾಗಿನ ಕೆಳಗೆ, ಒಬ್ಬ ಸಾಮಾನ್ಯ ಓದುಗನ ಹಾಗೆ. ಸರ್ಕಾರಿ ಅಧಿಕಾರಿಯೊಬ್ಬರು ಹೀಗೆ ಮಾಡಿದ್ದನ್ನು ಓದಿ ನಾನು ಒಬ್ಬನೇ ಕೂತು ನಕ್ಕಿದ್ದೆ. 2008ರಲ್ಲಿ ನಿಯಂತ್ರಕರು ಕಂಪನಿಯ ಸ್ವಂತ ಜಾಲತಾಣವೂ ಇಂಥ ಕೆಲಸಕ್ಕೆ ಆಗಬಹುದು ಅಂತ ಮಾರ್ಗಸೂಚಿ ಹೊರಡಿಸಿದರು.

ಅಷ್ಟು ಬರೆದರೂ ಸನ್ ಕಂಪನಿ ಉಳಿಯಲಿಲ್ಲ. 2010ರ ಜನವರಿಯಲ್ಲಿ ಒರಾಕಲ್ ಪಾಲಾಯಿತು. ಮುಂದಿನ ತಿಂಗಳು ಶ್ವಾರ್ಟ್ಜ್ ಕುರ್ಚಿ ಬಿಟ್ಟ ಸುದ್ದಿಯನ್ನು ಟ್ವಿಟರಿನಲ್ಲಿ ಮೂರು ಸಾಲಿನ ಹೈಕು ಬರೆದು ಹೇಳಿದರು. ಜನರಲ್ ಮೋಟರ್ಸ್ ಕೂಡ 2009ರಲ್ಲಿ ದಿವಾಳಿ ಅರ್ಜಿ ಹಾಕಿತು. ಯಜಮಾನ ಚೆನ್ನಾಗಿ ಬರೆದ ಮಾತ್ರಕ್ಕೆ ಗಾಡಿ ಓಡುವುದಿಲ್ಲ. ಹೊಸ ಗಿರಾಕಿ ಸಿಕ್ಕಾಗ ಈ ಮಾತು ನಾನು ಹೇಳುತ್ತಿರಲಿಲ್ಲ ಬಿಡಿ.

ಉಲ್ಟಾ ಕತೆಯೂ ಇದೆ. ಹೋಲ್ ಫುಡ್ಸ್ ಅನ್ನುವ ದಿನಸಿ ಕಂಪನಿಯ ಸಿಇಒ ಜಾನ್ ಮ್ಯಾಕಿ ಸುಮಾರು ಎಂಟು ವರ್ಷ ಬೇರೆ ಹೆಸರಿಟ್ಟುಕೊಂಡು ಯಾಹೂನ ಷೇರು ಚರ್ಚೆಯ ಜಾಗದಲ್ಲಿ ಬರೆದರು. ಹೆಂಡತಿಯ ಹೆಸರು ಡೆಬೋರಾ. ಅದರ ಅಕ್ಷರಗಳನ್ನು ಹಿಂದುಮುಂದು ಮಾಡಿ ರಹೋಡೆಬ್ ಆಗಿದ್ದರು. ತಮ್ಮ ಕಂಪನಿಯನ್ನು ಹೊಗಳಿದರು, ಮುಂದೆ ತಾವೇ ಕೊಳ್ಳಲು ಹೊರಟ ಎದುರಾಳಿ ಕಂಪನಿಯನ್ನು ತೆಗಳಿದರು, ಮ್ಯಾಕಿಯ ತಲೆಗೂದಲು ಚೆನ್ನಾಗಿ ಕಾಣುತ್ತದೆ ಅಂತಲೂ ಬರೆದುಕೊಂಡರು! 2007ರಲ್ಲಿ ಗುಟ್ಟು ರಟ್ಟಾಯಿತು. ನಾನು ಇನ್ನೊಬ್ಬರನ್ನು 'ನಾನು' ಅಂದೆ. ಆತ ತನ್ನನ್ನೇ 'ಅವರು' ಅಂದ. ಇಬ್ಬರಲ್ಲಿ ಯಾರದ್ದು ದೊಡ್ಡ ಸುಳ್ಳು ಅಂತ ಇನ್ನೂ ತೀರ್ಮಾನ ಮಾಡಲಾಗಿಲ್ಲ.

2018ರಲ್ಲಿ ಎಲಾನ್ ಮಸ್ಕ್ ಒಂದು ಸಾಲಿನ ಟ್ವೀಟ್ ಹಾಕಿ 2 ಕೋಟಿ ಡಾಲರ್ ದಂಡ ಕಟ್ಟಿದ್ದು, ಟೆಸ್ಲಾ ಕಂಪನಿಯೂ ಅಷ್ಟೇ ಕಟ್ಟಿದ್ದು ಎಲ್ಲರಿಗೂ ಗೊತ್ತು. ನಮ್ಮ ಸಾಹೇಬರ ವಕೀಲರು ಅದನ್ನು ತಿಂಗಳಿಗೊಮ್ಮೆಯಾದರೂ ನೆನಪಿಸುತ್ತಿದ್ದರು. ನಮ್ಮ ಕಂಪನಿ ಷೇರುಪೇಟೆಯಲ್ಲೇ ಇರಲಿಲ್ಲ, ಆ ಮಾತು ಬೇರೆ.

ನನ್ನ ಮನಸ್ಸಿನಲ್ಲಿ ಕೂತದ್ದು ಹೈದರಾಬಾದಿನ ಒಂದು ಪತ್ರ. ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಕಂಪನಿಯ ಮಂಡಳಿಗೆ 2009ರ ಜನವರಿ 7ರಂದು ಬರೆದದ್ದು. ಅದಕ್ಕೆ ಮುಂಚೆ ವರ್ಷವರ್ಷವೂ ವಾರ್ಷಿಕ ವರದಿ, ಅದರಲ್ಲಿ ಒಳ್ಳೊಳ್ಳೆ ಮಾತು, ಹಿಂದಿನ ವರ್ಷವಷ್ಟೇ ಉತ್ತಮ ಆಡಳಿತಕ್ಕೆ ಪ್ರಶಸ್ತಿ. ಈ ಪತ್ರದಲ್ಲಿ ಮಾತ್ರ ಲೆಕ್ಕ ಇತ್ತು. ಪುಸ್ತಕದಲ್ಲಿ ತೋರಿಸಿದ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಅವರೇ ಬರೆದರು. ಹುಲಿ ಸವಾರಿ ಮಾಡಿದ ಹಾಗಾಯಿತು, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆ ಅಂತ ಗೊತ್ತಾಗಲಿಲ್ಲ ಅಂದರು. ಆ ಪತ್ರವನ್ನು ಬಾಡಿಗೆ ಬರಹಗಾರ ಬರೆದಿರಲಾರ. ಓದಿದರೆ ಗೊತ್ತಾಗುತ್ತದೆ. ಹುಲಿಯ ಮಾತನ್ನು ನಮ್ಮ ಮಾರ್ಕೆಟಿಂಗ್‌ನವರು ಮೊದಲ ಸುತ್ತಿನಲ್ಲೇ ತೆಗೆದುಬಿಡುತ್ತಿದ್ದರು.

ಒಂದು ಶ್ರಾವಣ ಸೋಮವಾರ ಮನೆಗೆ ಬಂದ ನೆಂಟರನ್ನು ಕರೆದುಕೊಂಡು ಗವಿಮಠಕ್ಕೆ ಹೋಗಿದ್ದೆ. ಕೊಪ್ಪಳದವರಿಗೆ ಗವಿಮಠ ಅಂದರೆ ಕೆರೆ, ಬೆಟ್ಟ, ಗದ್ದುಗೆ, ದಾಸೋಹ. ಬೆಟ್ಟದ ಬಂಡೆ ಮೇಲೆ ಅಶೋಕನ ಶಾಸನ ಇದೆ ಅನ್ನುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಹತ್ತಿ ನೋಡಿದವರು ಕಡಿಮೆ. ನೆಂಟರು ಕೇಳಿದರು ಅಂತ ಹತ್ತಿದೆ. ಎಂಟು ಸಾಲು, ಬ್ರಾಹ್ಮಿ ಲಿಪಿ, ನನಗೆ ಒಂದು ಅಕ್ಷರವೂ ಬರುವುದಿಲ್ಲ. ಮನೆಗೆ ಬಂದು ಅದರ ಅರ್ಥ ಹುಡುಕಿ ಓದಿದೆ.

ಓದಿದವನು ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತೆ.

ರಾಜ ಹೇಳುತ್ತಾನೆ: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು. ಆದರೆ ಮೊದಲು ಅಷ್ಟೇನೂ ಶ್ರಮ ಪಡಲಿಲ್ಲ. ಭಿಕ್ಷುಗಳ ಸಂಘದ ಹತ್ತಿರ ಹೋಗಿ ಒಂದು ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮ ಪಡುತ್ತಿದ್ದೇನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಬಂಡೆಯಲ್ಲಂತೂ ಶ್ರಮ ಪಡದ ಕಾಲ ಒಂದು ವರ್ಷ ಅಂತ ಲೆಕ್ಕವನ್ನೂ ಕೊಟ್ಟಿದ್ದಾನೆ. ಆಮೇಲೆ, ಇದು ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಸಣ್ಣವನೂ ಶ್ರಮಪಟ್ಟರೆ ಸಾಧಿಸಬಹುದು ಅನ್ನುತ್ತಾನೆ.

'ಮೊದಲು ಸುಮ್ನೆ ಕುರ್ಚಿ ಮೇಲೆ ಕೂತಿದ್ದೆ.' ಸಾಹೇಬರು ಕಾರಿನಲ್ಲಿ ಕೂತು ಹೇಳಿದ ಮಾತೇ ಅದು. ಅವರದ್ದನ್ನು ವಕೀಲರು ನಾಲ್ಕು ದಿನದಲ್ಲಿ ಅಳಿಸಿದರು. ಇವನದ್ದು ಎರಡು ಸಾವಿರದ ಇನ್ನೂರು ವರ್ಷದ ಮೇಲೂ ಕೊಪ್ಪಳದ ಬಿಸಿಲಿನಲ್ಲಿ ಹಾಗೇ ಕೂತಿದೆ.

ನಮ್ಮ ಸೀಮೆ ಈ ವಿಷಯದಲ್ಲಿ ಪುಣ್ಯ ಮಾಡಿದೆ. ಗವಿಮಠದ್ದೂ ಅಲ್ಲೇ ಹತ್ತಿರದ ಪಾಲ್ಕಿಗುಂಡಿನದ್ದೂ 1931ರಲ್ಲಿ ಬೆಳಕಿಗೆ ಬಂದವು. ಆಗ ಕೊಪ್ಪಳ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿತು, ಕಂಡವರು ಚಿನ್ನದ ಗಣಿಯ ಎಂಜಿನಿಯರ್. ಉಳಿದ ಎಷ್ಟೋ ಕಡೆ ರಾಜ ತನ್ನನ್ನು 'ದೇವಾನಾಂಪ್ರಿಯ' ಅಂತ ಬಿರುದಿನಿಂದಲೇ ಕರೆದುಕೊಂಡಿದ್ದಾನೆ. ಮಸ್ಕಿಯಲ್ಲಿ ಅಶೋಕ ಅನ್ನುವ ಹೆಸರೇ ಇದೆ. ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉದೇಗೋಳದಲ್ಲೂ ಶಾಸನಗಳಿವೆ, ನಿಟ್ಟೂರಿನದ್ದರಲ್ಲೂ ಆ ಹೆಸರಿದೆ. ಎಂ.ಡಿ. ಅಂತ ಹುದ್ದೆ ಹಾಕಿ ಸುಮ್ಮನಾಗುವುದು ಒಂದು, ಹೆಸರು ಹಾಕಿ ಜವಾಬ್ದಾರಿ ಹೊರುವುದು ಇನ್ನೊಂದು.

ಬರೆದವನ ಹೆಸರೂ ಸಿಗುತ್ತದೆ. ಬ್ರಹ್ಮಗಿರಿಯಲ್ಲೂ ಅಕ್ಕಪಕ್ಕದ ಎರಡು ಬಂಡೆಗಳಲ್ಲೂ ಕೊನೆಯಲ್ಲಿ ಲಿಪಿಕಾರ ಚಪಡ ಬರೆದ ಅಂತ ಇದೆ. 'ಲಿಪಿಕಾರ' ಅನ್ನುವುದನ್ನು ಆತ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ವಾಯುವ್ಯ ದಿಕ್ಕಿನ ಲಿಪಿ, ಬಲದಿಂದ ಎಡಕ್ಕೆ ಓಡುತ್ತದೆ. ಅಷ್ಟು ದೂರದಿಂದ ಬಂದು ಮೊಳಕಾಲ್ಮೂರಿನ ಬಿಸಿಲಿನಲ್ಲಿ ರಾಜನ 'ನಾನು' ಬರೆದು, ಕೆಳಗೆ ತನ್ನ ಸಹಿ ಹಾಕಿ ಹೋದ. ನಾಲ್ಕು ವರ್ಷದಲ್ಲಿ ನನಗೆ ಅಷ್ಟು ಧೈರ್ಯ ಬರಲಿಲ್ಲ. ನನ್ನ ಕರಾರಿನಲ್ಲೇ ಅದಕ್ಕೆ ಜಾಗ ಇರಲಿಲ್ಲ ಅನ್ನಿ.

ಇನ್ನು ಬೀಜದ ವಿಷಯ.

ಒಂದು ಮುಂಗಾರಿನಲ್ಲಿ ಕಂಪನಿಯ ಸಜ್ಜೆ ಬೀಜದ ಒಂದು ಲಾಟ್ ಕೈಕೊಟ್ಟಿತು. ಪಾಕೀಟಿನ ಮೇಲೆ ಮೊಳಕೆ 75% ಅಂತ ಅಚ್ಚಾಗಿತ್ತು. ಹೊಲದಲ್ಲಿ ಅದರ ಅರ್ಧವೂ ಹುಟ್ಟಲಿಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ಅಂಗಡಿಗಳ ಮುಂದೆ ರೈತರು ಖಾಲಿ ಪಾಕೀಟು ಹಿಡಿದುಕೊಂಡು ನಿಂತರು. ಯಲಬುರ್ಗಾ ತಾಲೂಕಿನ ಹಳ್ಳಿಯಲ್ಲಿರುವ ನನ್ನ ಸೋದರಮಾವನೂ ಅವರಲ್ಲಿ ಒಬ್ಬ. ನಾಲ್ಕು ಎಕರೆ ಬಿತ್ತಿದ್ದ.

ಸಾಹೇಬರು ಆವತ್ತು ರಾತ್ರಿಯೇ ಫೋನ್ ಮಾಡಿದರು. 'ತಪ್ಪು ನಮ್ಮದೇ ಕಣಪ್ಪ, ಗೋಡೌನಿನಲ್ಲಿ ಏನೋ ಎಡವಟ್ಟಾಗಿದೆ. ಹಾಗೇ ಬರಿ' ಅಂದರು. ಬರೆದೆ. ಆ ರಾತ್ರಿ ಬರೆದದ್ದು ನಾಲ್ಕು ವರ್ಷದಲ್ಲಿ ನಾನು ಬರೆದ ಒಳ್ಳೆಯ ಬರಹ. ಬೆಳಗ್ಗೆ ವಕೀಲರು ಓದಿದರು. ಅವರ ಭಯವೂ ಸುಳ್ಳಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ವೇದಿಕೆಗೆ ಹೋಗಿ ಪರಿಹಾರ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. 'ತಪ್ಪು ನಮ್ಮದೇ' ಅನ್ನುವ ಎರಡು ಪದದ ಮಾತು ನಾಳೆ ಅಲ್ಲಿ ಸಾಕ್ಷಿಯಾಗುತ್ತದೆ. ಎರಡನೇ ಕರಡು, ಮೂರನೇ ಕರಡು, ನಾಲ್ಕನೇ ಕರಡು. ಕೊನೆಗೆ ಇಂಗ್ಲಿಷ್ ಬ್ಲಾಗಿನಲ್ಲಿ 'ನಾವು ಇನ್ನೂ ಚೆನ್ನಾಗಿ ಮಾಡಬಹುದಿತ್ತು' ಅನ್ನುವ ಅರ್ಥದ ಒಂದು ವಾಕ್ಯ ಉಳಿಯಿತು. ಸಾಹೇಬರು ಹಟ ಹಿಡಿದದ್ದಕ್ಕೆ ಅಷ್ಟಾದರೂ ಉಳಿಯಿತು. ಲಿಂಕ್ಡ್‌ಇನ್‌ನಲ್ಲಿ ಒಳ್ಳೆ ಹೆಸರು ಬಂತು. ಎಂಥ ಧೈರ್ಯ, ಎಂಥ ಪ್ರಾಮಾಣಿಕತೆ ಅಂತ ಬೆಂಗಳೂರು, ಮುಂಬೈನವರೆಲ್ಲ ಬರೆದರು. ಅವರಲ್ಲಿ ಸಜ್ಜೆ ಬಿತ್ತಿದವರು ಒಬ್ಬರೂ ಇರಲಿಲ್ಲ.

ರೈತರಿಗೆ ಬೇರೆ ಕಾಗದ. ಬೀಜದ ಅಂಗಡಿಗಳ ಬಾಗಿಲಿಗೆ ಅಂಟಿಸಲು ಕನ್ನಡದಲ್ಲಿ ಅರ್ಧ ಪುಟ, ಕೆಳಗೆ ಸಾಹೇಬರ ಸಹಿ. ಅದನ್ನು ಬರೆದದ್ದೂ ನಾನೇ. ವಕೀಲರು ಇಂಗ್ಲಿಷಿನಲ್ಲಿ ಕೊಟ್ಟದ್ದನ್ನು ಕನ್ನಡಕ್ಕೆ ತಂದೆ, ಕೆಂಪು ಮಣ್ಣಿಗೆ ನಮ್ಮ ಕಡೆ ಅನ್ನುವ 'ಮಸಾರಿ' ಹಾಕಿ: 'ಮಳೆಯ ಕೊರತೆಯಿಂದ ಮಸಾರಿ ಹೊಲಗಳಲ್ಲಿ ತೇವಾಂಶ ಕಡಿಮೆಯಾಗಿ ಕೆಲವೆಡೆ ಮೊಳಕೆ ಪ್ರಮಾಣ ಕುಗ್ಗಿರಬಹುದು. ರೈತ ಬಾಂಧವರು ಆತಂಕಪಡಬಾರದು.' ಚೆನ್ನಾಗಿ ಮಾಡಬಹುದಿತ್ತು ಅನ್ನುವ ವಾಕ್ಯ ಅದರಲ್ಲಿ ಇರಲಿಲ್ಲ.

ಮಾವ ಅದರ ಫೋಟೋ ತೆಗೆದು ನನಗೇ ವಾಟ್ಸಾಪ್ ಮಾಡಿದ. ಆಮೇಲೆ ಫೋನ್.

'ಅಳಿಯಾ, ಇದನ್ನ ಅವರ ಸಾಹೇಬ್ರ ಬರದಾರೇನು?'

'ಹೂಂ ಮಾವ.'

'ನಮ್ಮ ಹೊಲಕ್ಕ ಬಂದಿದ್ರೇನು ಅವರು?'

'ಇಲ್ಲ.'

'ಮತ್ತ ತೇವ ಇರಲಿಲ್ಲಂತ ಅವರಿಗೆ ಹೆಂಗ ಗೊತ್ತಾತು? ಬಾಜೂ ಹೊಲದಾಗ ಬ್ಯಾರೆ ಬೀಜ ಹಾಕ್ಯಾರ. ಮೊಣಕಾಲುದ್ದ ಬೆಳದೈತಿ, ಬಂದು ನೋಡಂತ ಹೇಳು.'

ನಾನು ಹೇಳಲಿಲ್ಲ. ಮಾವ ಹೊಲ ಹರಗಿ, ಕೊನೆಗೆ ಹುರುಳಿ ಹಾಕಿದ. ಕಂಪನಿ ಬದಲಿ ಪಾಕೀಟು ಕಳಿಸಿತು, ಸಜ್ಜೆ ಬಿತ್ತುವ ಹದ ದಾಟಿ ಹೋದ ಮೇಲೆ.

ಈಗ ಅಶೋಕನ ಇನ್ನೊಂದು ವಿಷಯ ಹೇಳಬೇಕು. ಇದು ತಿಳಿದ ಮೇಲೆ ಗವಿಮಠದ ಬಂಡೆ ಮೇಲಿನ ನನ್ನ ಭಕ್ತಿ ಸ್ವಲ್ಪ ಕಡಿಮೆಯಾಯಿತು. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು, ಅದಕ್ಕೆ ನನಗೆ ಪಶ್ಚಾತ್ತಾಪವಾಗಿದೆ ಅಂತ ಆತ ಬರೆಸಿದ್ದು ಬಂಡೆಗಲ್ಲಿನ 13ನೇ ಶಾಸನದಲ್ಲಿ. ಜಗತ್ತೆಲ್ಲ ಹೊಗಳುವ ಶಾಸನ. ನಮಗೆ ಹತ್ತಿರದಲ್ಲೇ, ಆಂಧ್ರದ ಎರ್ರಗುಡಿಯಲ್ಲೂ ಅದು ಇದೆ. ಆದರೆ ಕಳಿಂಗದಲ್ಲೇ ಇಲ್ಲ. ಒಡಿಶಾದ ಧೌಳಿ ಮತ್ತು ಜೌಗಡದಲ್ಲಿ ಉಳಿದ ಶಾಸನಗಳನ್ನು ಕೆತ್ತಿಸಿ 11, 12, 13ನ್ನು ಬಿಟ್ಟಿದ್ದಾರೆ. ಅವುಗಳ ಜಾಗದಲ್ಲಿ ಬೇರೆ ಎರಡು ಶಾಸನ. ಎಲ್ಲ ಜನರೂ ನನ್ನ ಮಕ್ಕಳು ಅನ್ನುವ ಮಾತು ಅದರಲ್ಲಿದೆ, ಸತ್ತವರ ಲೆಕ್ಕ ಇಲ್ಲ.

ಯಾಕೆ ಬಿಟ್ಟರು ಅಂತ ವಿದ್ವಾಂಸರು ಏನೇನೋ ಹೇಳುತ್ತಾರೆ. ಗಾಯದ ಮೇಲೆ ಬರೆ ಎಳೆಯಬಾರದು ಅಂತಲೂ ಇರಬಹುದು. ನನಗೆ ಮಾತ್ರ ಅಂಗಡಿ ಬಾಗಿಲಿಗೆ ಅಂಟಿಸಿದ ಕಾಗದ ನೆನಪಾಯಿತು. ತಪ್ಪೊಪ್ಪಿಗೆ ಕೇಳಿದವರಿಗೆಲ್ಲ ಸಿಗುತ್ತದೆ, ಪೆಟ್ಟು ತಿಂದವರ ಊರಿಗೆ 'ರೈತ ಬಾಂಧವರು ಆತಂಕಪಡಬಾರದು' ಬರುತ್ತದೆ. ಸಾಹೇಬರ ಬ್ಲಾಗು, ಸಾಹೇಬರ ಟ್ವೀಟು ಅಂತ ಎಲ್ಲಿ ನೋಡಿದರೂ ನಾನೀಗ ಮೊದಲು ನೋಡುವುದು ಇದನ್ನೇ: ಈ ಮಾತು ಯಾರಿಗೆ ಸಲ್ಲಬೇಕೋ ಅವರು ಓದುವ ಜಾಗದಲ್ಲಿ, ಅವರು ಓದುವ ಭಾಷೆಯಲ್ಲಿ ಇದೆಯಾ? ಕೊಪ್ಪಳದ ಸುತ್ತಮುತ್ತ ಕಾರ್ಖಾನೆಗಳಿಗೆ ಬರವಿಲ್ಲ. ಅವುಗಳ ಯಜಮಾನರ ಮಾತು ಇಂಗ್ಲಿಷಿನಲ್ಲಿ ಎಷ್ಟೋ ಓದಿದ್ದೇನೆ. ಗಿಣಿಗೇರಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಕನ್ನಡದಲ್ಲಿ ಓದುವಂಥದ್ದು ಒಂದೂ ಕಣ್ಣಿಗೆ ಬಿದ್ದಿಲ್ಲ.

ಜನಕ್ಕೆ ಎಂಥ ಮಾತು ಬೇಕು ಅನ್ನುವುದು 2024ರ ಆಗಸ್ಟಿನಲ್ಲಿ ನಮ್ಮಲ್ಲೇ ಕಂಡಿತು. 10ನೇ ತಾರೀಖು ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಿತ್ತು ಕೊಚ್ಚಿಹೋಯಿತು. ಆ ವಾರ ನಮ್ಮ ಓಣಿಯಲ್ಲಿ ಪ್ರಕಟಣೆ ಓದಿದವರನ್ನು ನಾನು ಕಾಣೆ. ಎಲ್ಲರೂ ಟಿವಿ ಮುಂದೆ ಕೂತು ಕಾದದ್ದು ಗೇಟು ತಜ್ಞ ಕನ್ನಯ್ಯ ನಾಯ್ಡು ಏನು ಹೇಳುತ್ತಾರೆ ಅಂತ. ವಯಸ್ಸಾದ ಮನುಷ್ಯ, ಡ್ಯಾಮಿನ ಮೇಲೇ ನಿಂತು ಮಾತಾಡುತ್ತಿದ್ದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ತಡೆ ಇಳಿಸಿ ಮುಚ್ಚಿದ ರಾತ್ರಿ ಕೆಳಗಿನ ಮಗ್ಗದವರು ಪಟಾಕಿ ಹೊಡೆದರು. ನಾಯ್ಡು ಅವರ ಮಾತನ್ನು ಯಾರಾದರೂ ತಿದ್ದಿ ಕೊಟ್ಟಿದ್ದರಾ? ನನಗಂತೂ ಹಾಗೆ ಕೇಳಿಸಲಿಲ್ಲ.

ಬೀಜದ ಕಂಪನಿಯ ಕೆಲಸ ನಾನು ಬಿಟ್ಟೆ ಅಂತ ಹೇಳಿದರೆ ಚೆಂದ ಇರುತ್ತದೆ. ಬಿಡಲಿಲ್ಲ. ಕಾಗದ ಅಂಟಿಸಿದ ಮೇಲೂ ಏಳು ತಿಂಗಳು ಬರೆದೆ. ಕರಾರು ಮುಗಿಯಿತು, ಅವರು ಮುಂದುವರಿಸಲಿಲ್ಲ, ಅಷ್ಟೇ. ಈಗ ಅಂಥ ಬರಹವನ್ನು ಯಂತ್ರವೇ ಮಾಡಿಕೊಡುತ್ತದೆ. 'ಹೆಮ್ಮೆಯಾಗುತ್ತಿದೆ' ಅನ್ನುವುದು ಅದಕ್ಕೆ ನನಗಿಂತ ಚೆನ್ನಾಗಿ ಬರುತ್ತದೆ.

ಈ ಜನವರಿ ಗವಿಸಿದ್ಧೇಶ್ವರ ಜಾತ್ರೆಗೆ ಮಾವ ಬಂದಿದ್ದ. ತೇರು ಆದ ಮರುದಿನ, ಜನವೋ ಜನ. ದಾಸೋಹದ ಸಾಲು ಸ್ವಲ್ಪ ಕರಗಲಿ ಅಂತ ಇಬ್ಬರೂ ಬೆಟ್ಟ ಹತ್ತಿದೆವು. ಮಾವ ಬಂಡೆ ನೋಡಿ 'ಏನಂತ ಬರದಾರ ಇದರಾಗ?' ಅಂದ. ಹೇಳಿದೆ.

'ಸುಮ್ನ ಕುಂತಿದ್ದೆ ಅಂತ ರಾಜನ ಬರಸ್ಯಾನ?'

'ಹೂಂ.'

'ಕೈಲೆ ಬರದವ ಯಾರು?'

ಇಲ್ಲಿ ಹೆಸರಿಲ್ಲ, ಬ್ರಹ್ಮಗಿರಿಯಲ್ಲಿ ಚಪಡ ಅಂತ ಇದೆ ಅಂದೆ. ಮಾವ ಬಂಡೆಯ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕೆಳಗೆ ಮೈಕಿನಲ್ಲಿ ಯಾರದೋ ಕಳೆದುಹೋದ ಮಗುವಿನ ಹೆಸರು ಕೂಗುತ್ತಿದ್ದರು.

'ಮಾವ, ಆ ಬೀಜದ ಕಾಗದ…' ಅಂತ ಶುರು ಮಾಡಿದೆ. 'ಅದನ್ನ ಬರದಿದ್ದು ನಾನು.'

'ಗೊತ್ತೈತಿ.'

'ಹೆಂಗ?'

'ಬೆಂಗಳೂರಾಗ ಕುಂತ ಸಾಹೇಬ್ರಿಗೆ ಮಸಾರಿ ಅನ್ನೂದು ಎಲ್ಲಿಂದ ಬರಬೇಕೋ?' ಅಂದ ಮಾವ. ನನ್ನ ಮುಖ ನೋಡಲಿಲ್ಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಎದ್ದ. 'ನಡಿ ಕೆಳಗ. ಮಿರ್ಚಿ ಆರ್ತಾವ.'